ಕಡಲ್ಕೊರೆತ: ಬಂಡೆಕಲ್ಲಿನ ಮನವಿಗೆ ಸಹಿ ಹಾಕುವ ಮೊದಲು

ಸಂಚಾಲಕಿ, ಮೂರನೇ ಅಡ್ಡರಸ್ತೆ:

ಬಡಾವಣೆಯ ಸಮಸ್ತರಿಗೂ ನಮಸ್ಕಾರ. ಮೊದಲ ಸಾಲಿನ ಮನೆಗಳ ಮುಂದೆ ಬಂಡೆಕಲ್ಲಿನ ತಡೆಗೋಡೆ ಹಾಕಿಸಿಕೊಡಬೇಕೆಂದು ಜಿಲ್ಲಾಡಳಿತವನ್ನು ಕೋರುವ ಮನವಿಯ ಕರಡು ಈ ಗುಂಪಿಗೆ ಬಂದಿದೆ. ಹಲವರು ಸಹಿ ಹಾಕಲು ಒಪ್ಪಿಗೆಯನ್ನೂ ಸೂಚಿಸಿದ್ದೀರಿ. ಈ ಮಳೆಗಾಲದಲ್ಲಿ ಮೊದಲ ಸಾಲಿನವರು ಪಟ್ಟ ಪಾಡನ್ನು ನಾವೆಲ್ಲ ಕಂಡಿದ್ದೇವೆ, ಆದ್ದರಿಂದ ಮನವಿ ಹೋಗಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಏನನ್ನು ಕೇಳಬೇಕೆಂದು ತೀರ್ಮಾನಿಸುವ ಮೊದಲು, ಅಲೆಗಳೂ ಉಬ್ಬರ ಇಳಿತಗಳೂ ನಮ್ಮ ದಂಡೆಯಲ್ಲಿ ವರ್ಷವಿಡೀ ಮಾಡುವ ಕೆಲಸವನ್ನು ಒಟ್ಟಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಒಮ್ಮೆ ಬಿದ್ದ ಬಂಡೆಯನ್ನು ಜಾಗ ತಪ್ಪಿತೆಂದು ಯಾರೂ ಮತ್ತೆ ಎತ್ತಿಸುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಾರುತದ ಹೊತ್ತಿನಲ್ಲಿ ಮಂಗಳೂರಿನ ಹೊರಗಡಲಿನಲ್ಲಿ ಅಲೆಗಳು 3 ಮೀಟರ್ ಮತ್ತು ಅದಕ್ಕೂ ಹೆಚ್ಚಿನ ಎತ್ತರಕ್ಕೆ ಏಳುತ್ತವೆ. ಡಿಸೆಂಬರ್, ಜನವರಿಯಲ್ಲಿ ಅವು ಸಾಮಾನ್ಯವಾಗಿ 1 ಮೀಟರಿನ ಆಸುಪಾಸಿನಲ್ಲಿ ಇರುತ್ತವೆ. ಅಲೆಯಲ್ಲಿರುವ ಶಕ್ತಿ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ, 1 ಮೀಟರಿನ ಅಲೆಗಿಂತ 3 ಮೀಟರಿನ ಅಲೆಯಲ್ಲಿ ಒಂಬತ್ತು ಪಟ್ಟು ಶಕ್ತಿಯಿರುತ್ತದೆ. ಜುಲೈ, ಆಗಸ್ಟ್ ನಡುವಿನ ಆಟಿ ತಿಂಗಳಲ್ಲಿ ಒಂದರ ಬೆನ್ನಿಗೆ ಒಂದು ಬಂದು ಬೀಳುವ ಇಂಥ ಅಲೆಗಳ ನೀರಿಗೆ ಹೊಯ್ಗೆಯೊಳಗೆ, ಅಂದರೆ ಮರಳಿನೊಳಗೆ, ಇಂಗಲು ಹೊತ್ತು ಸಿಗುವುದಿಲ್ಲ, ಏಕೆಂದರೆ ಹೊಯ್ಗೆ ಆಗಲೇ ನೀರು ಕುಡಿದು ತುಂಬಿರುತ್ತದೆ. ಇಂಗಲಾಗದ ನೀರು ಮೇಲ್ಮೈಯಲ್ಲೇ ರಭಸದಿಂದ ಹಿಂದಕ್ಕೆ ಹರಿಯುವಾಗ ಹೊಯ್ಗೆಯನ್ನೂ ಎಳೆದುಕೊಂಡು ಹೋಗುತ್ತದೆ.

ಹಾಗೆ ಹೋದ ಹೊಯ್ಗೆಯಲ್ಲಿ ಬಹುಪಾಲು ದಂಡೆಯಿಂದ ಸ್ವಲ್ಪ ದೂರದಲ್ಲಿ, ನೀರಿನ ಅಡಿಯಲ್ಲಿ, ದಿಣ್ಣೆಯಾಗಿ ಕೂರುತ್ತದೆ. ನೀರಿನ ಆಳವು ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಅಂದರೆ 3 ಮೀಟರಿನ ಅಲೆಯು ಸುಮಾರು 4 ಮೀಟರ್ ಆಳದಲ್ಲಿ ಒಡೆಯಬೇಕು. ದಿಣ್ಣೆ ಬೆಳೆದಂತೆ ಆ ಆಳ ದಂಡೆಯಿಂದ ದೂರದಲ್ಲೇ ಒದಗುವುದರಿಂದ ದೊಡ್ಡ ಅಲೆಗಳು ಅಲ್ಲಿಯೇ ಒಡೆದು ಶಕ್ತಿ ಕಳೆದುಕೊಳ್ಳುತ್ತವೆ. ಮಳೆಗಾಲದ ನಡುವೆ ಮಹಡಿಯ ಮೇಲಿಂದ ನೋಡಿದವರಿಗೆ ದೂರದಲ್ಲಿ ಕಾಣುವ ಉದ್ದನೆಯ ಬಿಳಿ ನೊರೆಯ ಗೆರೆ ಈ ದಿಣ್ಣೆಯ ಗುರುತು. ನಮ್ಮ ಅಂಗಳದ ಮುಂದಿನಿಂದ ಹೋದ ಹೊಯ್ಗೆ ಅಲ್ಲಿ ನಿಂತು ನಮ್ಮನ್ನೇ ಕಾಯುತ್ತಿರುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ.

ಮಳೆ ಹಿಂದೆ ಸರಿದ ಮೇಲೆ ತಗ್ಗಾದ, ಒಂದಕ್ಕೊಂದು ಅಂತರವಿರುವ ಅಲೆಗಳು ಬರುತ್ತವೆ. ಇಳಿತದ ಹೊತ್ತಿನಲ್ಲಿ ಬರಿಗಾಲಲ್ಲಿ ನಿಂತು ನೋಡಿದರೆ, ತೆಳ್ಳಗಿನ ನೀರಿನ ಹಾಳೆ ಮೇಲಕ್ಕೇರಿ, ಅರ್ಧದಷ್ಟು ಅಲ್ಲೇ ಇಂಗಿ, ಉಳಿದದ್ದು ಬಲವಿಲ್ಲದೆ ಹಿಂದೆ ಸರಿಯುವುದು ಕಾಣುತ್ತದೆ. ನೀರು ಇಂಗಿದ ಕಡೆ ಒಳಗಿನ ಗಾಳಿ ಹೊರಬಂದು ಸೂಜಿಮೊನೆಯಷ್ಟು ಸಣ್ಣ ತೂತುಗಳಾಗುತ್ತವೆ. ನೀರು ತಲುಪಿದ ಕೊನೆಯ ಅಂಚಿನಲ್ಲಿ ಚಿಪ್ಪಿನ ಚೂರು ಮತ್ತು ಹೊಯ್ಗೆಯ ಸಣ್ಣ ಬಿಲ್ಲುಗೆರೆ ಉಳಿಯುತ್ತದೆ. ಇಂಥ ಗೆರೆಗಳು ಒಂದರ ಮೇಲೊಂದು ಬಿದ್ದು ಫೆಬ್ರವರಿ, ಮಾರ್ಚ್ ಹೊತ್ತಿಗೆ ದಂಡೆಯ ಮೇಲ್ಭಾಗದಲ್ಲಿ ಅಗಲವಾದ ಜಗಲಿಯಂಥ ಸಮತಟ್ಟು ನಿರ್ಮಾಣವಾಗುತ್ತದೆ.

ಉಬ್ಬರ ಇಳಿತದ ಪಾತ್ರ ಬೇರೆಯದು. ಚಂದ್ರ ಸೂರ್ಯರ ಸೆಳೆತದಿಂದ ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಬರುತ್ತವೆ, ಅವೂ ಸಮಾನವಾಗಿರುವುದಿಲ್ಲ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಮರುದಿನದ ಉಬ್ಬರ ಸುಮಾರು 50 ನಿಮಿಷ ತಡವಾಗುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಈ ಏರಿಳಿತ 10 ಮೀಟರನ್ನೂ ಮುಟ್ಟುತ್ತದೆ. ಮಂಗಳೂರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೂ ಅದು ಸುಮಾರು ಒಂದೂವರೆ ಮೀಟರ್ ಮಾತ್ರ. ಇಷ್ಟು ಸಣ್ಣ ಏರಿಳಿತ ತಾನಾಗಿ ದಂಡೆಯನ್ನು ಕೊರೆಯುವುದಿಲ್ಲ, ಅಲೆಗಳು ಯಾವ ಮಟ್ಟದಲ್ಲಿ ಬಡಿಯಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಒಡೆಯುವ ಅಲೆಗಳು ದಂಡೆಯ ಕಡೆಗೆ ನೀರನ್ನು ತಳ್ಳಿ ಮಟ್ಟವನ್ನು ಇನ್ನಷ್ಟು ಏರಿಸುತ್ತವೆ. ಆದ್ದರಿಂದ ಮಳೆಗಾಲದ ದೊಡ್ಡ ಅಲೆ, ಅಮಾವಾಸ್ಯೆಯ ಉಬ್ಬರ ಮತ್ತು ವಾಯುಭಾರ ಕುಸಿತ ಒಟ್ಟಿಗೆ ಕೂಡಿದ ದಿನ ಸಮುದ್ರ ನಮ್ಮ ತೆಂಗಿನ ಬುಡಕ್ಕೆ ಬರುತ್ತದೆ. ಅದೇ ಎತ್ತರದ ಅಲೆ ಅಷ್ಟಮಿಯ ಇಳಿತದಲ್ಲಿ ಬಂದರೆ ಅಲ್ಲಿಗೆ ತಲುಪುವುದಿಲ್ಲ.

ಇಷ್ಟನ್ನೂ ಬರೆದ ಕಾರಣವಿದು: ಇಂದು ನಾವು ನೋಡುತ್ತಿರುವ ಕಡಿದಾದ ದಂಡೆಯಲ್ಲಿ ಪ್ರತಿವರ್ಷ ಹೋಗಿ ಬರುವ ಪಾಲು ಎಷ್ಟು, ಮರಳಿ ಬಾರದೆ ಹೋದ ಪಾಲು ಎಷ್ಟು ಎಂಬುದು ಅಳೆಯದೆ ತಿಳಿಯುವುದಿಲ್ಲ. ಅಳತೆಯ ದಾಖಲೆಯಿಲ್ಲದ ಮನವಿಗೆ ಕಲ್ಲಿನ ಲಾರಿ ಬರಬಹುದು. ಪರಿಹಾರ ಬರುತ್ತದೆಂಬ ಭರವಸೆ ನನಗಿಲ್ಲ.

ಮೊದಲ ಸಾಲಿನ ನಿವಾಸಿ:

ಟೀಚರ್, ನೀವು ಬರೆದದ್ದನ್ನು ಪೂರ್ತಿ ಓದಿದೆ. ವಿಷಯ ಸರಿಯಿರಬಹುದು, ಆದರೆ ನಮ್ಮ ಆವರಣದ ಗೋಡೆ ಜುಲೈಯಲ್ಲೇ ಉರುಳಿದೆ, ಶೌಚದ ಗುಂಡಿಯ ರಿಂಗುಗಳು ಹೊರಗೆ ಕಾಣುತ್ತಿವೆ, ತಂದೆಯವರು ನೆಟ್ಟ ತೆಂಗಿನ ಮರಗಳಲ್ಲಿ ಸಮುದ್ರದ ಕಡೆಯ ಸಾಲು ಪೂರ್ತಿ ಹೋಗಿದೆ. ಜನವರಿಯಲ್ಲಿ ಹೊಯ್ಗೆ ಮರಳಿ ಬಂದರೂ ಆ ಮರಗಳು ಬರುವುದಿಲ್ಲ. ಅಳತೆ ಮಾಡುತ್ತಾ ಕುಳಿತರೆ ಮುಂದಿನ ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುತ್ತದೆ. ರಾತ್ರಿ ಅಲೆ ಬಡಿದಾಗ ಮಂಚ ಅದುರುವ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಮಲಗುವವರ ಸ್ಥಿತಿಯನ್ನು ಮೂರನೇ ಅಡ್ಡರಸ್ತೆಯಲ್ಲಿರುವವರು ದಯವಿಟ್ಟು ಯೋಚಿಸಬೇಕು. ನಮಗೆ ಈಗ ಕಾಣುವ ಏಕೈಕ ಆಸರೆ ಕಲ್ಲು. ಅದನ್ನೂ ಬೇಡವೆಂದರೆ ಬೇರೆ ಏನು ಎಂಬುದನ್ನು ಹೇಳಬೇಕು.

ನಾಡದೋಣಿ ಮೀನುಗಾರ, ದೋಣಿ ನಿಲ್ಲುವ ಕಡೆಯ ಮನೆ:

ಅಣ್ಣ, ನಿಮ್ಮ ಸಂಕಟ ನಮಗೂ ಗೊತ್ತಿದೆ, ನಮ್ಮ ಬಲೆ ಇಡುವ ಶೆಡ್ಡೂ ಈ ಸಲ ಹೋಗಿದೆ. ಆದರೆ ದಂಡೆಯುದ್ದಕ್ಕೂ ಕಲ್ಲು ಬಿದ್ದರೆ ನಾವು ದೋಣಿಯನ್ನು ಎಲ್ಲಿ ಎಳೆದು ನಿಲ್ಲಿಸುವುದು, ದಡದಿಂದ ಎಳೆಯುವ ಕೈರಂಪಣಿ ಬಲೆಯನ್ನು ಎಲ್ಲಿ ಎಳೆಯುವುದು ಎಂಬುದನ್ನೂ ಮನವಿಯಲ್ಲಿ ಯೋಚಿಸಬೇಕಾಗುತ್ತದೆ. ಹಿಂದೆ ಬೇರೆ ಕಡೆಗಳಲ್ಲಿ ಹಾಕಿದ ಕಲ್ಲು ಒಂದೆರಡು ಮಳೆಗಾಲದಲ್ಲಿ ಹೊಯ್ಗೆಯೊಳಗೆ ಇಳಿದು ಕಣ್ಮರೆಯಾದದ್ದನ್ನು ನಾವೆಲ್ಲರೂ ನೋಡಿದವರೇ. ನೀರಡಿಯಲ್ಲಿ ಹುದುಗಿದ ಆ ಕಲ್ಲುಗಳಿಗೆ ಇಂದಿಗೂ ಬಲೆ ಸಿಕ್ಕಿ ಹರಿಯುತ್ತದೆ.

ಇನ್ನೊಂದು ಮಾತು. ದಂಡೆಗೆ ಸಮನಾಗಿ ಹರಿಯುವ ನೀರು ಕೆಲವು ತಿಂಗಳು ತೆಂಕಕ್ಕೆ, ಕೆಲವು ತಿಂಗಳು ಬಡಗಕ್ಕೆ ಎಳೆಯುತ್ತದೆ. ಅಲೆ ಓರೆಯಾಗಿ ಬಂದು ಬಿದ್ದ ಕಡೆಗೆ ಹೊಯ್ಗೆ ನಡೆಯುತ್ತದೆ. ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲಿ ಹೊಯ್ಗೆ ಕಟ್ಟಿಕೊಂಡು ದೋಣಿಗಳು ಮಗುಚುವ ಅಪಾಯ ಪ್ರತಿವರ್ಷ ಇದ್ದೇ ಇದೆ, ಹೂಳು ತೆಗೆಯಬೇಕೆಂದು ನಾವು ಬೇಡಿಕೆ ಇಡುತ್ತಲೇ ಇದ್ದೇವೆ. ಅಲ್ಲಿ ಬೇಡವಾದ ಹೊಯ್ಗೆ ಇಲ್ಲಿ ಬೇಕಾಗಿದೆಯಲ್ಲವೇ? ಅದನ್ನು ತಂದು ನಮ್ಮ ದಂಡೆಗೆ ಹಾಕಬಹುದೇ ಎಂಬುದನ್ನು ತಿಳಿದವರು ಹೇಳಬೇಕು.

ನಿವೃತ್ತ ಎಂಜಿನಿಯರ್, ಎರಡನೇ ಅಡ್ಡರಸ್ತೆ:

ಮೀನುಗಾರ ಸಹೋದರರು ಕೇಳಿದ ಪ್ರಶ್ನೆ ಈ ಚರ್ಚೆಯ ಮುಖ್ಯ ಪ್ರಶ್ನೆಯೆಂದು ನಾನು ತಿಳಿಯುತ್ತೇನೆ. ಮೊದಲು ಕಲ್ಲಿನ ವಿಷಯ ಹೇಳಿಬಿಡುತ್ತೇನೆ. ಲಾರಿಯಿಂದ ಸುರಿದ ಬಂಡೆಗಳ ರಾಶಿಯನ್ನು ತಡೆಗೋಡೆ ಎಂದು ಕರೆಯಲಾಗದು. ಸರಿಯಾದ ಕಲ್ಲಿನ ಗೋಡೆಗೆ ಅಡಿಯಲ್ಲಿ ಹೊಯ್ಗೆ ಸೋರದಂತೆ ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲಿನ ಪದರ, ಹೊರಗೆ ಅಲೆಯ ಎತ್ತರಕ್ಕೆ ಲೆಕ್ಕ ಹಾಕಿ ಆರಿಸಿದ ತೂಕದ ದೊಡ್ಡ ಕಲ್ಲು ಮತ್ತು ಬುಡ ಕೊರೆಯದಂತೆ ಸಾಕಷ್ಟು ಆಳಕ್ಕೆ ಇಳಿಸಿದ ಪಾದ ಬೇಕು. ಇವುಗಳಿಲ್ಲದಿದ್ದರೆ ಪ್ರತಿ ಅಲೆಯೂ ಕಲ್ಲಿನ ಸಂದುಗಳಿಂದ ಹೊಯ್ಗೆಯನ್ನು ಹೀರಿ ತೆಗೆಯುತ್ತದೆ, ಕಲ್ಲು ಕುಸಿಯುತ್ತದೆ. ಸಮುದ್ರ ಕಲ್ಲನ್ನು ನುಂಗಿತೆಂದು ನಾವು ಹೇಳುವುದು ಇದನ್ನೇ.

ಚೆನ್ನಾಗಿ ಕಟ್ಟಿದ ಗೋಡೆಗೂ ಒಂದು ಮಿತಿಯಿದೆ. ಅದು ಹಿಂದಿರುವ ಭೂಮಿಯನ್ನು ಕಾಯಬಲ್ಲದು, ಮುಂದಿರುವ ದಂಡೆಯನ್ನು ಕಾಯದು. ಗೋಡೆಗೆ ಬಡಿದು ಹಿಂದಿರುಗುವ ಅಲೆ ಬುಡವನ್ನು ಕೆದಕುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ, ಅಂದರೆ ಪಕ್ಕದ ಬಡಾವಣೆಯ ಮೊದಲ ಮನೆಯ ಮುಂದೆ, ಕೊರೆತ ಹೆಚ್ಚುತ್ತದೆ. ಆಗ ಅವರೂ ಗೋಡೆ ಕೇಳುತ್ತಾರೆ. ಕೇರಳದ ತೀರದಲ್ಲಿ ನೂರಾರು ಕಿಲೋಮೀಟರ್ ಉದ್ದಕ್ಕೆ ಕಲ್ಲಿನ ಗೋಡೆ ಬೆಳೆದದ್ದರ ಹಿಂದೆ ಈ ಸರಪಳಿಯೂ ಇದೆ.

ದಂಡೆಯುದ್ದಕ್ಕೂ ನಡೆಯುವ ಹೊಯ್ಗೆಯನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ಚೆನ್ನೈಗಿಂತ ಸ್ಪಷ್ಟವಾದ ನಿದರ್ಶನ ನಮ್ಮ ದೇಶದಲ್ಲಿಲ್ಲ. 19ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಬಂದರಿನ ತೋಳುಗಳನ್ನು ಸಮುದ್ರಕ್ಕೆ ಚಾಚಿದ ಮೇಲೆ, ಉತ್ತರಕ್ಕೆ ಸಾಗುತ್ತಿದ್ದ ಮರಳು ದಕ್ಷಿಣದಲ್ಲಿ ನಿಂತು ಮರೀನಾ ದಂಡೆಯನ್ನು ಅಗಲಗೊಳಿಸಿತು. ಬಂದರಿನ ಉತ್ತರದ ರಾಯಪುರಂ ಕಡೆಯಲ್ಲಿ ದಂಡೆ ಕರಗುತ್ತಾ ಹೋಯಿತು. ಪುದುಚೇರಿಯಲ್ಲೂ 1980ರ ದಶಕದ ಬಂದರು ಕಾಮಗಾರಿಯ ನಂತರ ನಗರದ ಮುಂದಿನ ದಂಡೆ ಮಾಯವಾಗಿ ಬರೀ ಕಲ್ಲು ಉಳಿಯಿತು. ಅಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಅಲೆ ತಡೆಯುವ ನೀರಡಿಯ ಕೃತಕ ದಿಣ್ಣೆಯನ್ನು, ಅಂದರೆ ರೀಫ್ ಒಂದನ್ನು, ರೂಪಿಸಿ ಇರಿಸಿದ ಮೇಲೆ ಒಂದು ಭಾಗದಲ್ಲಿ ಮರಳು ಮತ್ತೆ ನಿಂತಿದೆ.

ನಮ್ಮ ಉಳ್ಳಾಲದಲ್ಲೂ ಇದೇ ವಿಚಾರ ಜಾರಿಗೆ ಬಂದಿದೆ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿ 1990ರ ದಶಕದಲ್ಲಿ ಎರಡು ಕಡೆಯೂ ಅಲೆತಡೆ ಗೋಡೆಗಳನ್ನು ಕಟ್ಟಲಾಯಿತು. 2010ರಲ್ಲಿ ಮಂಜೂರಾದ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನ ಯೋಜನೆಯಲ್ಲಿ ಸಮುದ್ರದೊಳಗೆ ರೀಫ್‌ಗಳನ್ನೂ ದಂಡೆಯ ಸಮೀಪ ತಗ್ಗಾದ ಒಡ್ಡುಗಳಾದ ಬರ್ಮ್‌ಗಳನ್ನೂ ನಿರ್ಮಿಸಲಾಯಿತು. ಟೀಚರ್ ವಿವರಿಸಿದ ಮಳೆಗಾಲದ ಹೊಯ್ಗೆ ದಿಣ್ಣೆ ಮಾಡುವ ಕೆಲಸವನ್ನೇ ರೀಫ್ ಮಾಡುತ್ತದೆ: ಅಲೆಯನ್ನು ದೂರದಲ್ಲೇ ಒಡೆಯುತ್ತದೆ. ಆದರೆ ಯಾವ ರೀಫೂ ಹೊಯ್ಗೆಯನ್ನು ಸೃಷ್ಟಿಸುವುದಿಲ್ಲ, ಇರುವುದನ್ನು ಹಿಡಿದು ನಿಲ್ಲಿಸಬಲ್ಲದು ಅಷ್ಟೇ. ಹೊಯ್ಗೆ ಬರಬೇಕಾದದ್ದು ನದಿಯಿಂದ. ನೇತ್ರಾವತಿಯ ಮಳೆಗಾಲದ ಪ್ರವಾಹ ತಂದು ಸಮುದ್ರಕ್ಕೆ ಸುರಿಯಬೇಕಾದ ಮರಳಿನಲ್ಲಿ ಒಂದು ಪಾಲನ್ನು ನಾವು ಕಟ್ಟಡಗಳಿಗೆ ಎತ್ತುತ್ತೇವೆ, ಇನ್ನೊಂದು ಪಾಲು ತುಂಬೆಯಂಥ ಕಿಂಡಿ ಅಣೆಕಟ್ಟುಗಳ ಹಿಂದೆ ನಿಲ್ಲುತ್ತದೆ. ಆದ್ದರಿಂದ ಅಳಿವೆಯಲ್ಲಿ ತೆಗೆಯುವ ಹೂಳಿನ ಹೊಯ್ಗೆಯನ್ನು, ಅದರ ಕಣದ ಗಾತ್ರ ಮತ್ತು ಶುದ್ಧತೆಯನ್ನು ಪರೀಕ್ಷಿಸಿದ ನಂತರ, ದಂಡೆಗೇ ಹಿಂದಿರುಗಿಸಬೇಕೆಂಬ ಬೇಡಿಕೆ ಪೂರ್ಣವಾಗಿ ನ್ಯಾಯವಾದದ್ದು. ನಮ್ಮ ದಂಡೆಯ ಹೊಯ್ಗೆಗಿಂತ ಸಣ್ಣ ಕಣದ್ದನ್ನು ತಂದರೆ ಮೊದಲ ಮಳೆಗಾಲದಲ್ಲೇ ತೊಳೆದು ಹೋಗುತ್ತದೆ ಎಂಬ ಎಚ್ಚರ ಮಾತ್ರ ಇರಲಿ.

ಗೃಹಿಣಿ, ಮೊದಲ ಅಡ್ಡರಸ್ತೆಯ ಕೊನೆ:

ಸರ್, ನಮ್ಮ ಸಾಲಿನ ಕೊನೆಯಲ್ಲಿ ನೇರಳೆ ಹೂ ಬಿಡುವ ಬಳ್ಳಿ ಹಬ್ಬಿದ ದಿಬ್ಬವೊಂದು ಉಳಿದಿದೆಯಲ್ಲ, ಅದರ ಹಿಂದಿರುವ ನಾಲ್ಕು ಮನೆಗಳಿಗೆ ಈ ಮಳೆಗಾಲದಲ್ಲಿ ನೀರು ನುಗ್ಗಲಿಲ್ಲ. ದಿಬ್ಬವನ್ನು ಸಮ ಮಾಡಿ ವಾಹನ ನಿಲ್ಲಿಸಲು ಜಾಗ ಮಾಡಿದ ಕಡೆಯಲ್ಲಿ ಅಲೆ ನೇರವಾಗಿ ರಸ್ತೆಗೆ ಬಂದಿತು. ಇದು ಕಾಕತಾಳೀಯವೋ, ಕಾರಣವಿದೆಯೋ?

ಸಂಚಾಲಕಿ, ಮೂರನೇ ಅಡ್ಡರಸ್ತೆ:

ಅಕ್ಕ, ಕಾರಣವಿದೆ. ಗಾಳಿ ತಂದ ಒಣ ಹೊಯ್ಗೆಯನ್ನು ಆ ಬಳ್ಳಿಯ ಎಲೆ ಮತ್ತು ಬೇರುಗಳು ಹಿಡಿದಿಟ್ಟು ದಿಬ್ಬ ಬೆಳೆಸುತ್ತವೆ. ದೊಡ್ಡ ಅಲೆ ದಿಬ್ಬದ ಬುಡವನ್ನು ಕಡಿದಾಗ ಬಿದ್ದ ಹೊಯ್ಗೆ ನೀರಿಗಿಳಿದು ದಿಣ್ಣೆಗೆ ಸೇರುತ್ತದೆ, ಬೇಸಿಗೆಯಲ್ಲಿ ಮತ್ತೆ ದಂಡೆಗೆ ಬರುತ್ತದೆ. ದಿಬ್ಬವನ್ನು ಕಾಂಕ್ರೀಟಿನಿಂದ ಮುಚ್ಚಿದರೆ, ಅಥವಾ ಲಾರಿಯಲ್ಲಿ ತುಂಬಿ ಕಳುಹಿಸಿದರೆ, ಆ ದಾಸ್ತಾನು ಮುಗಿದಂತೆಯೇ. 2019ರ ಜನವರಿಯಲ್ಲಿ ಪ್ರಕಟವಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಮರಳು ದಿಬ್ಬಗಳನ್ನು ಅತ್ಯಂತ ಸೂಕ್ಷ್ಮವಾದ ಮೊದಲ ವರ್ಗದಲ್ಲಿ ಸೇರಿಸಿದೆ. ಉಳಿದಿರುವ ದಿಬ್ಬವನ್ನು ಕಾಪಾಡಬೇಕೆಂದು, ಸಮ ಮಾಡಿದ ಕಡೆ ಬೇಲಿ ಹಾಕಿ ಬಳ್ಳಿ ನೆಡಲು ಅವಕಾಶ ಕೊಡಬೇಕೆಂದು ನಾವು ಕೇಳಬಹುದು. ಇದಕ್ಕೆ ನಮ್ಮ ಕಡೆಯಿಂದಲೇ ವಾಹನ ನಿಲುಗಡೆಯನ್ನು ಬಿಟ್ಟುಕೊಡಬೇಕಾಗುತ್ತದೆ; ಅದನ್ನು ನಾವು ಮಾಡದೆ ಸರಕಾರವನ್ನು ಕೇಳುವುದು ಸರಿಯಲ್ಲ.

ಇನ್ನು ಮೊದಲ ಸಾಲಿನ ಅಣ್ಣನವರ ಮಾತಿಗೆ. ನೀವು ಕೇಳಿದ ಪ್ರಶ್ನೆಯನ್ನು ಬದಿಗಿಡಲು ಯಾರಿಗೂ ಅಧಿಕಾರವಿಲ್ಲ. ಮುಂದಿನ ಮೇ ತಿಂಗಳ ಒಳಗೆ ಆಗಬೇಕಾದದ್ದು ಒಂದು, ಮುಂದಿನ ವರ್ಷಗಳಲ್ಲಿ ಆಗಬೇಕಾದದ್ದು ಇನ್ನೊಂದು. ಎರಡನ್ನೂ ಒಂದೇ ಮನವಿಯಲ್ಲಿ ಬೇರೆಬೇರೆಯಾಗಿ ಕೇಳೋಣ. ಈಗಾಗಲೇ ಅಡಿಪಾಯ ಕಾಣುತ್ತಿರುವ ಮನೆಗಳ ಮುಂದೆ ಮಾತ್ರ ಹೊಯ್ಗೆ ತುಂಬಿದ ಜಿಯೋಟೆಕ್ಸ್‌ಟೈಲ್ ಚೀಲಗಳ ತಾತ್ಕಾಲಿಕ ರಕ್ಷಣೆಯನ್ನು ತಕ್ಷಣ ಕೊಡಬೇಕು, ದೋಣಿ ಎಳೆಯುವ ಜಾಗವನ್ನು ಬಿಟ್ಟಿರಬೇಕು. ಮುಂದೆ ಬೇಡವೆನಿಸಿದರೆ ಚೀಲವನ್ನು ತೆಗೆಯಬಹುದು. ಅದಲ್ಲದೆ ಶೌಚದ ಗುಂಡಿಯನ್ನು ಮನೆಯ ಹಿಂಬದಿಗೆ ಸ್ಥಳಾಂತರಿಸಲು ನಗರಾಡಳಿತದ ನೆರವನ್ನೂ ಕೇಳಬೇಕು, ಏಕೆಂದರೆ ಅದು ಒಡೆದರೆ ಇಡೀ ಸಾಲಿನ ಬಾವಿಗಳು ಕೆಡುತ್ತವೆ.

ಮೊದಲ ಸಾಲಿನ ನಿವಾಸಿ:

ಚೀಲದ ಗೋಡೆ ಒಂದು ಮಳೆಗಾಲವನ್ನಾದರೂ ತಡೆಯುತ್ತದೆಯೇ, ಎಂಜಿನಿಯರ್ ಸರ್?

ನಿವೃತ್ತ ಎಂಜಿನಿಯರ್, ಎರಡನೇ ಅಡ್ಡರಸ್ತೆ:

ಬುಡವನ್ನು ಬೇಸಿಗೆಯ ಮಟ್ಟದಿಂದ ಸಾಕಷ್ಟು ಕೆಳಕ್ಕೆ ಇಳಿಸಿ, ಮೆಟ್ಟಿಲಿನಂತೆ ಹಿಂದಕ್ಕೆ ವಾಲಿಸಿ ಜೋಡಿಸಿದರೆ ತಡೆಯಬಲ್ಲದು. ಒಡಿಶಾದ ಪೆಂಠಾ ಗ್ರಾಮದಲ್ಲಿ ಇದೇ ಬಗೆಯ ಬಟ್ಟೆಯ ದೊಡ್ಡ ಟ್ಯೂಬುಗಳಿಂದ ದಂಡೆಯ ಒಡ್ಡನ್ನೇ ಕಟ್ಟಿದ್ದಾರೆ. ಬೇಸಿಗೆಯಲ್ಲಿ ಕಾಣುವ ಹೊಯ್ಗೆಯ ಮೇಲೆಯೇ ಚೀಲ ಇಟ್ಟರೆ ಜೂನ್ ತಿಂಗಳಲ್ಲೇ ಜಾರುತ್ತದೆ. ಮಳೆಗಾಲದಲ್ಲಿ ದಂಡೆ ಎಷ್ಟು ಕೆಳಗೆ ಇಳಿಯುತ್ತದೆ ಎಂಬ ಅಳತೆ ಅದಕ್ಕಾಗಿಯೇ ಬೇಕು. ಈಗ ಅಕ್ಟೋಬರ್, ದಂಡೆ ತೀರಾ ತಗ್ಗಿರುವ ಕಾಲ. ಇನ್ನೊಂದು ತಿಂಗಳು ಬಿಟ್ಟರೆ ಆ ಮಟ್ಟವನ್ನು ಹೊಯ್ಗೆ ಮುಚ್ಚಿಬಿಡುತ್ತದೆ. ಆದ್ದರಿಂದ ಅಳತೆಯನ್ನು ವಿಳಂಬವೆಂದು ತಿಳಿಯಬೇಡಿ, ಅಣ್ಣ. ನಿಮ್ಮ ಮನೆಯ ಮುಂದೆಯೇ ಮೊದಲು ಮಾಡೋಣ.

ಕಾಲೇಜು ವಿದ್ಯಾರ್ಥಿ, ಮೂರನೇ ಅಡ್ಡರಸ್ತೆ:

ಅಳೆಯಲು ನಾವು ಕೆಲವರು ಸಿದ್ಧರಿದ್ದೇವೆ. ಆದರೆ ಉಪಕರಣಗಳನ್ನು ಬಾಡಿಗೆಗೆ ತರಬೇಕೇ?

ಸಂಚಾಲಕಿ, ಮೂರನೇ ಅಡ್ಡರಸ್ತೆ:

ಬೇಡ ಮಗಾ. ಒಂದೇ ಎತ್ತರದ ಎರಡು ಕೋಲು, ಅವುಗಳ ಮೇಲೆ ಸೆಂಟಿಮೀಟರ್ ಗುರುತು, ನಡುವೆ 2 ಮೀಟರಿನ ಹಗ್ಗ ಇದ್ದರೆ ಸಾಕು. ಒಬ್ಬರು ಸಮುದ್ರದ ಕಡೆಯ ಕೋಲನ್ನು, ಇನ್ನೊಬ್ಬರು ದಡದ ಕಡೆಯ ಕೋಲನ್ನು ನೆಟ್ಟಗೆ ಹಿಡಿಯಬೇಕು. ದಡದ ಕಡೆಯವರು ಕಣ್ಣನ್ನು ಮೇಲೆ ಕೆಳಗೆ ಸರಿಸುತ್ತಾ, ಮುಂದಿನ ಕೋಲಿನ ತುದಿಯೂ ದಿಗಂತದ ಗೆರೆಯೂ ಒಂದೇ ನೇರಕ್ಕೆ ಬರುವಂತೆ ನೋಡಬೇಕು. ಆ ನೋಟ ತಮ್ಮ ಕೋಲಿನ ತುದಿಯಿಂದ ಎಷ್ಟು ಸೆಂಟಿಮೀಟರ್ ಕೆಳಗೆ ಹಾದುಹೋಗುತ್ತದೆಯೋ ಅಷ್ಟು ನೆಲ ಆ 2 ಮೀಟರಿನಲ್ಲಿ ಇಳಿದಿದೆ ಎಂದರ್ಥ. ಹಗ್ಗ ಹಿಡಿದು ಮುಂದೆ ಮುಂದೆ ಸಾಗುತ್ತಾ ನೀರಿನ ಅಂಚಿನವರೆಗೆ ಬರೆದುಕೊಂಡರೆ ದಂಡೆಯ ಇಳಿಜಾರಿನ ಪೂರ್ತಿ ಚಿತ್ರ ಸಿಗುತ್ತದೆ. ಸಮುದ್ರ ಎದುರಿಗಿರುವುದರಿಂದ ದಿಗಂತವೇ ನಮಗೆ ಮಟ್ಟದ ಗೆರೆಯಾಗುತ್ತದೆ. ಪ್ರತಿಸಲವೂ ಅದೇ ಜಾಗದಿಂದ, ಕದಲದ ಗುರುತಿನಿಂದ, ಉದಾಹರಣೆಗೆ ವಿದ್ಯುತ್ ಕಂಬದ ಬುಡದಿಂದ ಆರಂಭಿಸುವುದು ಮುಖ್ಯ.

ಅಮಾವಾಸ್ಯೆ, ಹುಣ್ಣಿಮೆಯ ಮರುದಿನ ಅಥವಾ ಅದರಾಚೆಯ ದಿನ ಇಳಿತ ಅತ್ಯಂತ ಕೆಳಗೆ ಹೋಗುತ್ತದೆ, ಆಗ ಹೆಚ್ಚು ದೂರದವರೆಗೆ ಅಳೆಯಬಹುದು. ಇಳಿತದ ಸಮಯವನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರಕಟಿಸುವ ಉಬ್ಬರ ಇಳಿತ ಪಟ್ಟಿಯಲ್ಲಿ ಮಂಗಳೂರಿಗೆ ಕೊಟ್ಟ ಅಂಕಿಗಳಿಂದ ನೋಡಿಕೊಳ್ಳೋಣ. ಅಳತೆಗೆ ಇಳಿಯುವ ಹಿಂದಿನ ದಿನ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ನೆಚ್ಚರಿಕೆಯನ್ನು ತಪ್ಪದೆ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಗಾಳಿಯೇ ಇಲ್ಲದಿದ್ದರೂ ದೂರದ ದಕ್ಷಿಣ ಮಹಾಸಾಗರದಲ್ಲಿ ಹುಟ್ಟಿದ ಉಬ್ಬಲೆಗಳು ಏಕಾಏಕಿ ದಂಡೆಗೆ ನುಗ್ಗುವುದುಂಟು, ಕೇರಳದವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ.

ನಿವೃತ್ತ ಎಂಜಿನಿಯರ್, ಎರಡನೇ ಅಡ್ಡರಸ್ತೆ:

ಒಂದು ಅಂಶವನ್ನು ಮನವಿಗೆ ಸೇರಿಸಲು ಕೋರುತ್ತೇನೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳಿಂದ ದೇಶದ ತೀರರೇಖೆಯನ್ನು ಪರಿಶೀಲಿಸಿದಾಗ ಮೂರನೇ ಒಂದು ಭಾಗದಷ್ಟು ತೀರದಲ್ಲಿ ಕೊರೆತ ಕಂಡುಬಂದಿದೆ. ಕರ್ನಾಟಕದಲ್ಲಿ ಅದು ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ರಾಜ್ಯದ ತೀರದ ಬಹುಭಾಗ ಸ್ಥಿರವಾಗಿದೆ ಅಥವಾ ಬೆಳೆಯುತ್ತಿದೆ. ನಮ್ಮಂಥ ಕಡೆ ಮಾತ್ರ ಕೊರೆತವಿದ್ದರೆ ಅದಕ್ಕೆ ಸ್ಥಳೀಯ ಕಾರಣವನ್ನು ಹುಡುಕಬೇಕಾಗುತ್ತದೆ. ಸಮುದ್ರ ಮಟ್ಟದ ಏರಿಕೆಯನ್ನೇ ಮುಂದೆ ಮಾಡಿ ಜವಾಬ್ದಾರಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2015ರವರೆಗೆ ಆ ಏರಿಕೆ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರ್; ಅದು ಗಂಭೀರವಾದ ವಿಷಯವೇ, ಆದರೆ ಒಂದೇ ಮಳೆಗಾಲದಲ್ಲಿ ಗೋಡೆ ಉರುಳಿದ್ದಕ್ಕೆ ಅದೊಂದೇ ಉತ್ತರವಾಗಲಾರದು.

ನಾಡದೋಣಿ ಮೀನುಗಾರ, ದೋಣಿ ನಿಲ್ಲುವ ಕಡೆಯ ಮನೆ:

ಅಕ್ಕ, ಕೋಲುಗಳಿಗೆ ಹಳೆಯ ಜಲ್ಲೆ ನಮ್ಮಲ್ಲಿದೆ, ಹಗ್ಗವೂ ಇದೆ. ನೀರಿಗೆ ಇಳಿದು ಹಿಡಿಯುವ ಕೆಲಸವನ್ನು ನಮ್ಮ ಹುಡುಗರು ಮಾಡುತ್ತಾರೆ, ಮಕ್ಕಳು ನೀರಿಗೆ ಇಳಿಯುವುದು ಬೇಡ. ಅಳಿವೆಯ ಹೂಳಿನ ಬೇಡಿಕೆಗೆ ನಮ್ಮವರ ಸಹಿಯನ್ನೂ ಪಡೆದು ಕೊಡುತ್ತೇನೆ.

ಮೊದಲ ಸಾಲಿನ ನಿವಾಸಿ:

ಬುಡದ ಆಳಕ್ಕೆ ಈ ಅಳತೆ ಬೇಕೆಂದಾದರೆ ನನ್ನ ಒಪ್ಪಿಗೆ ಇದೆ. ಚೀಲದ ರಕ್ಷಣೆಯ ಬೇಡಿಕೆ ಮನವಿಯ ಮೊದಲ ಪುಟದಲ್ಲೇ ಇರಬೇಕು. ಫೆಬ್ರವರಿಯ ಒಳಗೆ ಯಾವ ಉತ್ತರವೂ ಬಾರದಿದ್ದರೆ ಕಲ್ಲಿನ ವಿಷಯವನ್ನು ನಾನು ಮತ್ತೆ ಎತ್ತುತ್ತೇನೆ, ಆಗ ಯಾರೂ ತಡೆಯಬಾರದು.

ಸಂಚಾಲಕಿ, ಮೂರನೇ ಅಡ್ಡರಸ್ತೆ:

ಅದು ನ್ಯಾಯವಾದ ಮಾತು, ಹಾಗೆಯೇ ಆಗಲಿ. ಚೀಲದ ರಕ್ಷಣೆ, ಅಳಿವೆಯ ಹೊಯ್ಗೆಯನ್ನು ಪರೀಕ್ಷಿಸಿ ದಂಡೆಗೆ ಹಿಂದಿರುಗಿಸುವುದು, ಉಳಿದ ದಿಬ್ಬದ ರಕ್ಷಣೆ, ಅಕ್ಕಪಕ್ಕದ ಬಡಾವಣೆಗಳನ್ನೂ ಸೇರಿಸಿಕೊಂಡ ತಜ್ಞರ ಅಧ್ಯಯನ, ಇವನ್ನು ಈ ಕ್ರಮದಲ್ಲೇ ಬರೆದು ಹೊಸ ಕರಡನ್ನು ಬುಧವಾರ ಇಲ್ಲಿ ಹಾಕುತ್ತೇನೆ. ಮೊದಲ ಅಳತೆ ದೀಪಾವಳಿ ಅಮಾವಾಸ್ಯೆಯ ಮರುದಿನ ಇಳಿತದ ಹೊತ್ತಿಗೆ, ಮೊದಲ ಸಾಲಿನ ಅಣ್ಣನ ಮನೆಯ ಎದುರಿನ ವಿದ್ಯುತ್ ಕಂಬದಿಂದ ಆರಂಭವಾಗುತ್ತದೆ. ನಂತರ ದಿಬ್ಬದ ಬಳಿ, ಕೊನೆಗೆ ದೋಣಿ ಎಳೆಯುವ ಜಾಗದಲ್ಲಿ. ಹಳೆಯ ಮದುವೆ, ಪೂಜೆ, ಪ್ರವಾಸದ ಫೋಟೋಗಳಲ್ಲಿ ದಂಡೆ ಕಾಣುವಂತಿದ್ದರೆ ಇಸವಿ ಮತ್ತು ತಿಂಗಳನ್ನು ಬರೆದು ಕಳುಹಿಸಿಕೊಡಿ. ತಿಂಗಳು ಗೊತ್ತಿಲ್ಲದ ಫೋಟೋದಲ್ಲಿ ಬೇಸಿಗೆಯ ದಂಡೆಯೋ ಮಳೆಗಾಲದ ದಂಡೆಯೋ ಎಂದು ತಿಳಿಯದೆ ಹೋಗುತ್ತದೆ, ಆದ್ದರಿಂದ ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಅಳತೆಗೆ ಬರುವವರು ಶುಕ್ರವಾರದೊಳಗೆ ಇಲ್ಲಿಯೇ ಹೆಸರು ಕೊಡಬೇಕಾಗಿ ಕೋರುತ್ತೇನೆ.